ಗೋದಾಮಿನಲ್ಲೇ ಉಳಿದ ಧೈರ್ಯ

ನಮ್ಮ ಮನೆಯಲ್ಲಿ ಕಿರೀಟ ಇರುವುದು ನನ್ನ ಕಾಫಿ ಮಗ್ಗಿಗೆ ಮಾತ್ರ. ಕೆಂಪು ಮೈ, ಮೇಲೆ ಬಿಳಿ ಕಿರೀಟ, ಅದರಡಿ ದಪ್ಪಕ್ಷರದಲ್ಲಿ ‘ಕೀಪ್ ಕಾಮ್ ಆಂಡ್ ಕ್ಯಾರಿ ಆನ್’. ಸೊಸೆ ತಂದುಕೊಟ್ಟದ್ದು. ಬೆಳಗ್ಗೆ ಪೇಪರು ಹಿಡಿದು ಬಿಪಿ ಏರಿಸಿಕೊಳ್ಳುತ್ತೇನೆಂದು ಅವಳ ದೂರು. ‘ಗಾಬರಿ ಬೇಡ, ನಿಮ್ಮ ಕೆಲಸ ನೋಡಿಕೊಳ್ಳಿ ಮಾವ’ ಅಂತ ಬಾಯಿಬಿಟ್ಟು ಹೇಳಲಾಗದ್ದನ್ನು ಮಗ್ಗಿನಿಂದ ಹೇಳಿಸಿದ್ದಾಳೆ. ಸ್ಟೀಲ್ ಲೋಟದ ಅಳತೆಯ ನನ್ನ ಕಾಫಿ ಅದರ ತಳದಲ್ಲೆಲ್ಲೋ ಕಾಣುತ್ತದೆ, ಆ ಮಾತು ಬೇರೆ.

ಇದನ್ನು ನೋಡಿದವರೆಲ್ಲ, ತಲೆಯ ಮೇಲೆ ಬಾಂಬು ಬೀಳುವಾಗ ಲಂಡನ್ನಿನ ಜನ ಗೋಡೆಯ ಮೇಲಿನ ಈ ಮಾತು ಓದಿ ಎದೆ ಗಟ್ಟಿಮಾಡಿಕೊಂಡರು ಎಂದೇ ತಿಳಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಇದನ್ನು ಕಂಡೇ ಇರಲಿಲ್ಲ. 1939ರ ಆಗಸ್ಟ್‌ನಲ್ಲಿ, ಯುದ್ಧ ಇನ್ನೇನು ಬಂತು ಎನ್ನುವಾಗ, ಬ್ರಿಟಿಷ್ ಸರ್ಕಾರ ಇದೇ ಕಿರೀಟದ ಮೂರು ಪೋಸ್ಟರುಗಳ ಅಚ್ಚಿಗೆ ಕೈಹಾಕಿತು. ಇದೊಂದೇ 24 ಲಕ್ಷಕ್ಕೂ ಹೆಚ್ಚು ಪ್ರತಿ. ಉಳಿದೆರಡನ್ನು ಊರೆಲ್ಲ ಅಂಟಿಸಿದರು. ಇದನ್ನು ಮಾತ್ರ ಭಾರಿ ದಾಳಿಯಾದ ದಿನಕ್ಕೆಂದು, ನೆಂಟರು ಬಂದಾಗ ಹಾಸೋಣವೆಂದು ಹೊಸ ಜಮಖಾನ ಎತ್ತಿಡುತ್ತಾರಲ್ಲ, ಹಾಗೆ ಎತ್ತಿಟ್ಟರು. ಮೊದಮೊದಲು ಬಾಂಬು ಬೀಳಲಿಲ್ಲ. ಬಂದದ್ದು ಕಾಗದದ ಬರ. 1940ರ ಏಪ್ರಿಲ್ ಹೊತ್ತಿಗೆ ಗೋದಾಮಿನ ರಾಶಿಯನ್ನು ರದ್ದಿಗೆ ಹಾಕಿ ಅರೆಯತೊಡಗಿದರು. ಲಂಡನ್ ಮೇಲೆ ರಾತ್ರಿ ರಾತ್ರಿಯ ದಾಳಿ ಶುರುವಾದದ್ದು ಅದೇ ವರ್ಷ ಸೆಪ್ಟೆಂಬರ್ 7ರಂದು!

ಆಮೇಲೆ ಅದರ ಸುದ್ದಿಯೇ ಇಲ್ಲ. ಉತ್ತರ ಇಂಗ್ಲೆಂಡಿನ ಆನಿಕ್ ಎಂಬ ಊರಲ್ಲಿ, ಹಳೆಯ ರೈಲು ನಿಲ್ದಾಣದೊಳಗೆ, ಬಾರ್ಟರ್ ಬುಕ್ಸ್ ಎಂಬ ಹಳೇ ಪುಸ್ತಕದಂಗಡಿಯಿದೆ. 2000ದಲ್ಲಿ ಅದರ ಮಾಲೀಕ ಸ್ಟುವರ್ಟ್ ಮ್ಯಾನ್ಲಿ ಹರಾಜಿನಲ್ಲಿ ಕೊಂಡ ಪುಸ್ತಕದ ಪೆಟ್ಟಿಗೆ ಬಗೆಯುವಾಗ ತಳದಲ್ಲಿ ಮಡಚಿದ ಒಂದು ಪ್ರತಿ ಸಿಕ್ಕಿತು. ಹೆಂಡತಿ ಮೇರಿ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲೇ ತೂಗುಹಾಕಿದರು. ಗಿರಾಕಿಗಳು ಪುಸ್ತಕ ಬಿಟ್ಟು ಅದನ್ನೇ ಕೇಳತೊಡಗಿದರು. ಪ್ರತಿ ಮಾಡಿಸಿ ಮಾರಿದರು. ಅಲ್ಲಿಂದ ಮಗ್ಗು, ಅಂಗಿ, ದಿಂಬಿನ ಕವರು. ಇಎಂಐ, ಪರೀಕ್ಷೆ, ಟ್ರಾಫಿಕ್ಕು ಯಾವುದಕ್ಕೂ ಒಪ್ಪುವ ಮಾತು ತಾನೇ.

ಯುದ್ಧದ ದಿನಗಳಲ್ಲೇ ಅಂಟಿಸಿದ್ದರೆ ಇಷ್ಟು ಒಪ್ಪುತ್ತಿತ್ತೇ? ನನಗೆ ಅನುಮಾನ. ಅಂಟಿಸಿದ ಎರಡರಲ್ಲಿ ಒಂದು, ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ಛಲ ನಮಗೆ ಗೆಲುವು ತರುತ್ತದೆ ಎಂದು ಹೇಳುತ್ತಿತ್ತು. ಕಷ್ಟ ನಮ್ಮದು, ಗೆಲುವು ದೊರೆಗಳದೋ ಎಂದು ಜನ ಗೊಣಗಿದರು. ನಾನು ದುಡಿದ ಒಂದು ಕಚೇರಿಯಲ್ಲೂ ಕೌಂಟರಿನ ನೆತ್ತಿಗೆ ‘ನಗುಮೊಗದ ಸೇವೆ’ ಎಂಬ ಫಲಕವಿತ್ತು. ಅದರ ಪಕ್ಕದ ಫ್ಯಾನು ತಿರುಗುತ್ತಿರಲಿಲ್ಲ. ಆ ಫಲಕದ ಕೆಳಗೆ ನಡೆದಷ್ಟು ಜಗಳ ಊರ ಸಂತೆಯಲ್ಲೂ ನಡೆದಿರಲಾರದು.

ಜನ ಮೆಚ್ಚಿದ ಪೋಸ್ಟರುಗಳ ವರಸೆಯೇ ಬೇರೆ. ಫೂಗಾಸ್ ಎಂಬ ಹೆಸರಲ್ಲಿ ಬರೆಯುತ್ತಿದ್ದ ಸಿರಿಲ್ ಕೆನೆತ್ ಬರ್ಡ್, ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲಿ ತೀವ್ರವಾಗಿ ಗಾಯಗೊಂಡಿದ್ದ ವ್ಯಂಗ್ಯಚಿತ್ರಕಾರ. ಬಾಯಿ ಬಿಗಿಹಿಡಿಯಿರಿ ಎನ್ನುವ ಚಿತ್ರಮಾಲೆಯನ್ನು 1940ರಲ್ಲಿ ಕಾಸು ತಗೊಳ್ಳದೆ ಬರೆದುಕೊಟ್ಟ. ಒಂದರಲ್ಲಿ ಇಬ್ಬರು ಹೆಂಗಸರು ಬಸ್ಸಿನಲ್ಲಿ ಕೂತು ಹರಟುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ, ಟಿಕೆಟ್ ಕೊಂಡ ಪ್ರಯಾಣಿಕರಂತೆ, ಹಿಟ್ಲರ್ ಮತ್ತು ಗೋರಿಂಗ್! ಸುತ್ತ ಖಾಲಿ ಬಿಳಿ ಜಾಗ, ನಾಲ್ಕೇ ಗೆರೆ. ನೋಡಿದವರಿಗೆ ಮೊದಲು ನಗು ಬರುತ್ತದೆ, ಆಮೇಲೆ ತಾನೂ ನಿನ್ನೆ ಬಸ್ಸಿನಲ್ಲಿ ಏನೋ ಬಾಯಿಬಿಟ್ಟದ್ದು ನೆನಪಾಗುತ್ತದೆ. ಅದೇ ವರ್ಷ ಜುಲೈನಲ್ಲಿ ಸರ್ಕಾರ ಇದನ್ನೇ ಗದರಿಸಿ ಹೇಳಹೋಯಿತು. ಸೋಲಿನ ಮಾತಾಡಿದವರನ್ನು ಕೋರ್ಟಿಗೂ ಎಳೆಯಿತು. ಜನ ಎಷ್ಟು ರೇಗಿದರೆಂದರೆ ಚರ್ಚಿಲ್ ಆ ಅಭಿಯಾನವನ್ನೇ ಕೈಬಿಡಬೇಕಾಯಿತು.

ಗುದ್ದಲಿ ಹಿಡಿಸಿದ ಪೋಸ್ಟರೂ ಗೆದ್ದಿತು. ಸಲಿಕೆಯನ್ನು ಮಣ್ಣಿಗೆ ತುಳಿಯುವ ಒಂದು ಬೂಟುಗಾಲು, ಗೆಲುವಿಗಾಗಿ ಅಗೆಯಿರಿ ಎಂಬ ಮಾತು, ಮುಗಿಯಿತು. ಲಂಡನ್ ಕೋಟೆಯ ಕಂದಕದಲ್ಲೂ ತರಕಾರಿ ಬೆಳೆದರು. ಈರುಳ್ಳಿ ಬರುತ್ತಿದ್ದುದು ಫ್ರಾನ್ಸಿನ ಬ್ರಿಟನಿಯಿಂದ, ಚಾನೆಲ್ ದ್ವೀಪಗಳಿಂದ. ಎರಡೂ ಜರ್ಮನ್ನರ ಕೈಸೇರಿದ ಮೇಲೆ ಒಂದೇ ಒಂದು ಈರುಳ್ಳಿಯನ್ನು ಬಹುಮಾನವಾಗಿಟ್ಟು ಚೀಟಿ ಎತ್ತುವ ಕಾಲ ಬಂತು. ಈರುಳ್ಳಿ ಇಲ್ಲದ ಸಾರಿಗೆ ಯಾವ ಕಿರೀಟದ ಪೋಸ್ಟರು ಸಮಾಧಾನ ಹೇಳೀತು? ಹಿತ್ತಲಲ್ಲಿ ಸಾಲು ತೆಗೆಯಿರಿ ಅಂದರೆ ಕೈಗಾದರೂ ಕೆಲಸ, ಮನಸ್ಸಿಗೂ ಅಷ್ಟೇ.

ಇಲ್ಲಿ ನಮ್ಮಜ್ಜಿಯ ವಿಷಯ ಹೇಳಬೇಕು. 1965. ಪಾಕಿಸ್ತಾನದೊಂದಿಗೆ ಯುದ್ಧ, ಜೊತೆಗೆ ಮಳೆಯಿಲ್ಲ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಲಾಲ್ ಬಹಾದುರ್ ಶಾಸ್ತ್ರಿಗಳು ಕೇಳಿಕೊಂಡರು. ಸೋಮವಾರ ಸಂಜೆ ನಮ್ಮೂರ ಹೋಟೆಲು ಬಾಗಿಲು ಹಾಕುತ್ತಿತ್ತು. ಶಾಲೆಯ ಗೋಡೆಗೆ ಸುಣ್ಣದಲ್ಲಿ ‘ಜೈ ಜವಾನ್ ಜೈ ಕಿಸಾನ್’ ಬರೆದಿದ್ದರು. ಅಜ್ಜಿಗೆ ಓದು ಬಾರದು, ವಿಷಯವೆಲ್ಲ ತಾತನ ಬಾಯಿಂದಲೇ ತಿಳಿಯಬೇಕು. ಅವಳಿಗೋ ಸೋಮವಾರ ಮೊದಲಿಂದಲೂ ಒಪ್ಪತ್ತು.

“ನಿಂದು ಹೇಗೂ ನಡೀತಿದೆ ಬಿಡು,” ಅಂದರು ತಾತ.

“ಶಿವನಿಗೆ ಬಿಟ್ಟ ಊಟಾನೇ ಶಾಸ್ತ್ರಿಗಳಿಗೂ ತೋರಿಸಿದ್ರೆ ಇಬ್ರಿಗೂ ಮೋಸ ಮಾಡಿದ ಹಾಗಾಗಲ್ವೇ?” ಎಂದವಳು ಗುರುವಾರ ರಾತ್ರಿಯನ್ನೂ ಬಿಟ್ಟಳು. ಆ ಹೊತ್ತಿನ ಅಕ್ಕಿಯನ್ನು ಪಾವಿನಲ್ಲಿ ಅಳೆದು ಬೇರೆ ಡಬ್ಬಿಗೆ ಸುರಿಯುತ್ತಿದ್ದಳು. ಅದಕ್ಕೆ ಮನೆಯಲ್ಲಿ ‘ಶಾಸ್ತ್ರಿಗಳ ಡಬ್ಬಿ’ ಅಂತಲೇ ಹೆಸರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು, ಶಾಸ್ತ್ರಿಗಳು ಅಲ್ಲೇ ತೀರಿಕೊಂಡರು. ಗುರುವಾರದ ಅಳತೆ ಮಾತ್ರ ನಿಲ್ಲಲಿಲ್ಲ. ಯುದ್ಧ ಮುಗೀತಲ್ಲ, ಇನ್ನೂ ಯಾಕೆ ಅಂತ ತಾತ ಕೇಳಿದರೆ, ಪಾವಿನ ಬಾಯಿಯನ್ನು ಅಂಗೈಯಿಂದ ಸವರಿ ಸಮಮಾಡುತ್ತ ಅಂದಳು: “ಯುದ್ಧ ಮುಗೀತು ಅಂತ ಶೆಟ್ಟರು ಅಕ್ಕಿ ರೇಟು ಇಳಿಸಿದ್ರೇನು?”