ಶಿಲಾಮೂಲ

ನದೀಮೂಲ, ಋಷಿಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳುತ್ತಾರೆ. ಶಿಲಾಮೂಲದ ಮಾತನ್ನು ಅವರು ಎತ್ತಲಿಲ್ಲ. ಆ ಧೈರ್ಯದಿಂದಲೇ ನಾನು ಒಂದು ಅದಿರಿನ ಕುಲಗೋತ್ರ ವಿಚಾರಿಸಲು ಹೊರಟಿದ್ದೇನೆ. “ಚರಿತ್ರೆ ಓದುವವನಿಗೆ ಈ ಉಸಾಬರಿ ಏಕೋ?” ಎಂದು ಗೆಳೆಯನೊಬ್ಬ ನಕ್ಕ. ಕಾಲನಿರ್ಣಯ ನಮ್ಮ ಉಸಾಬರಿಯಲ್ಲದೆ ಇನ್ನಾರದು?

ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಸಡ್ಬರಿ ಎಂಬ ಊರಿದೆ. 1883ರಲ್ಲಿ ರೈಲುದಾರಿ ಹಾಕುವಾಗ ಅಲ್ಲಿ ತಾಮ್ರದ ಅದಿರು ಕಂಡಿತು. ಅದರಲ್ಲಿ ನಿಕ್ಕಲ್ ಕೂಡ ಹೇರಳವಾಗಿದೆಯೆಂದು ಆಮೇಲೆ ತಿಳಿಯಿತು. ಇಂಥ ಅದಿರು ಹುಟ್ಟುವ ಬಗೆ ಸೊಗಸಾದದ್ದು. ಕರಗಿದ ಶಿಲಾದ್ರವದಲ್ಲಿ ಗಂಧಕ ಮಿತಿಮೀರಿದಾಗ, ಅದು ಲೋಹಗಳೊಡನೆ ಕೂಡಿ ಹನಿಹನಿಯಾಗಿ ಬೇರ್ಪಡುತ್ತದೆ. ತಾಮ್ರ, ನಿಕ್ಕಲ್‌ಗಳೆಲ್ಲ ಆ ಹನಿಗಳನ್ನೇ ಸೇರುತ್ತವೆ. ಮಜ್ಜಿಗೆ ಕಡೆದಾಗ ಬೆಣ್ಣೆ ಬಂದಂತೆ ಎನ್ನೋಣ. ಆದರೆ ಬೆಣ್ಣೆ ತೇಲುತ್ತದೆ, ಇದು ಭಾರದಿಂದ ತಳಕ್ಕಿಳಿಯುತ್ತದೆ.

ಇದು ನಡೆದದ್ದು ಎಂದು? ಆ ಶಿಲೆಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿವೆ. ಅವೇ ಅಲ್ಲಿಯ ಶಾಸನ. ಈ ಹರಳು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಾಗಿಲಲ್ಲೇ ತಡೆಯುತ್ತದೆ. ಒಳಹೊಕ್ಕ ಯುರೇನಿಯಂ ಮಾತ್ರ ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಅದರ ಮುಖ್ಯ ಬಗೆಯೊಂದು ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಆದ್ದರಿಂದ ಇಂದು ಹರಳಿನಲ್ಲಿ ಸಿಕ್ಕುವ ಸೀಸವೇ ಅದರ ವಯಸ್ಸಿನ ಲೆಕ್ಕ. ಸಡ್ಬರಿಗೆ ಸುಮಾರು 185 ಕೋಟಿ ವರ್ಷ!

ಕಾಲವೇನೋ ತಿಳಿಯಿತು, ಮೂಲ? ಭೂಗರ್ಭದಿಂದ ಉಕ್ಕಿದ ದ್ರವವೆಂದೇ ಬಹುಕಾಲ ನಂಬಿದ್ದರು. 1964ರಲ್ಲಿ ರಾಬರ್ಟ್ ಡೀಟ್ಸ್ ಎಂಬ ವಿಜ್ಞಾನಿ, ಅಲ್ಲಿ ಆಕಾಶದಿಂದ ದೊಡ್ಡ ಉಲ್ಕೆ ಬಿದ್ದಿತ್ತೆಂದು ವಾದಿಸಿದರು. ಭಾರಿ ಪೆಟ್ಟಿನಿಂದ ಮಾತ್ರ ಮೂಡುವ ಶಂಕುವಿನಾಕಾರದ ಬಿರುಕುಗಳು ಅಲ್ಲಿಯ ಬಂಡೆಗಳಲ್ಲಿದ್ದವು. ಹಾಗಾದರೆ ನಿಕ್ಕಲ್ಲೂ ಆಕಾಶದ್ದೇ ಇರಬೇಕಲ್ಲವೆ? ಈ ಮಾತಿಗೆ ಆಸ್ಮಿಯಂ ಎಂಬ ಲೋಹ ಸಾಕ್ಷಿ ನುಡಿಯಿತು. ರೀನಿಯಂ ಲೋಹ ನಿಧಾನವಾಗಿ ಕ್ಷಯಿಸಿ ಒಂದು ಬಗೆಯ ಆಸ್ಮಿಯಂ ಆಗುತ್ತದೆ. ಆ ಬಗೆಯದು ಭೂಮಿಯ ಹಳೆಯ ಹೊರಪದರದ ಶಿಲೆಗಳಲ್ಲಿ ಹೆಚ್ಚು, ಉಲ್ಕೆಗಳಲ್ಲಿ ಕಡಿಮೆ. ಸಡ್ಬರಿಯ ಅದಿರಿನಲ್ಲಿ ಅದು ಹೆಚ್ಚಾಗಿಯೇ ಇದೆ. ಎಂದರೆ ಪೆಟ್ಟು ಆಕಾಶದ್ದು. ಲೋಹ ಬಹುಪಾಲು ಆ ನೆಲದ್ದೇ, ಕರಗಿ ಮತ್ತೆ ಕೂಡಿದ್ದು.

ಎಲ್ಲ ಅದಿರಿಗೂ ಈ ಕಥೆ ಒಪ್ಪದು. ಸೈಬೀರಿಯದ ನೊರಿಲ್ಸ್ಕ್‌ನಲ್ಲಿ ಸುಮಾರು 25 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದಲೇ ಶಿಲಾದ್ರವ ಉಕ್ಕಿತು. ಪ್ರತಿಯೊಂದರ ಮೂಲವನ್ನೂ ಬೇರೆಯಾಗಿಯೇ ವಿಚಾರಿಸಬೇಕು.

ನನ್ನ ಮನಸ್ಸನ್ನು ಹಿಡಿದ ಅಂಶವೇ ಇದು. ವಯಸ್ಸು ಹೇಳುವ ಸಾಕ್ಷಿ ಬೇರೆ, ಮೂಲ ಹೇಳುವ ಸಾಕ್ಷಿ ಬೇರೆ. ಹೊಯ್ಸಳರ ಕಾಲದ ಶಾಸನವೊಂದರಲ್ಲಿ ಶಕವರ್ಷ ಓದಿದೊಡನೆ ನಮಗೆ ಕೆಲಸ ಮುಗಿದಂತೆ ತೋರುತ್ತದೆ. ಆ ಕಲ್ಲು ಯಾವ ಗಣಿಯದು, ಕೆತ್ತಿದ ಕೈ ಯಾವ ಊರಿನದು ಎಂಬುದನ್ನು ಶಕವರ್ಷ ಹೇಳುವುದಿಲ್ಲ. ಪರೀಕ್ಷೆಗೆ ಇಸವಿ ಸಾಕಾದೀತು, ಚರಿತ್ರೆಗೆ ಸಾಲದು.