ನಂಜನಗೂಡಿನ ರಸಬಾಳೆಯೂ ಅದರ ಬೇರಿನ ಕಾವಲೂ

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು ೨೩ ಕಿಲೋಮೀಟರು ಹೋದರೆ ಕಪಿಲಾ ನದಿಯ ದಡದಲ್ಲಿ ನಂಜನಗೂಡು ಸಿಕ್ಕುತ್ತದೆ. ಈ ಕ್ಷೇತ್ರವನ್ನು ಕಾಣದ ಕನ್ನಡಿಗರು ಇರಬಹುದು, ಕೇಳದವರು ವಿರಳ. ನಂಜನ್ನು ಉಂಡು ಜಗತ್ತನ್ನು ಕಾಪಾಡಿದ ಶ್ರೀಕಂಠೇಶ್ವರನಿಗೆ ಹರಕೆ ಹೊತ್ತರೆ ತೀರದ ಬೇನೆಗಳೂ ತೀರುವುವೆಂದು ಜನರ ನಂಬುಗೆ. ಪಟ್ಟದ ಆನೆಯ ಕಣ್ಣು ವಾಸಿಯಾದುದಕ್ಕಾಗಿ ಟೀಪೂ ಸುಲ್ತಾನನು ಈ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವೂ ಉಂಟು. ದೇವಾಲಯವನ್ನು ಕುರಿತು ಬರೆದವರು ಅನೇಕರಿರುವುದರಿಂದ ನಾವು ಆ ಕಡೆಗೆ ಹೋಗದೆ, ಈ ಊರಿನ ಹೆಸರನ್ನು ಹೊತ್ತು ಈಗ ತಾನೇ ರೋಗಿಯಾಗಿರುವ ಒಂದು ಹಣ್ಣಿನ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

ನಂಜನಗೂಡಿನ ರಸಬಾಳೆಯನ್ನು ಒಮ್ಮೆ ತಿಂದವರಿಗೆ ಅದನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಸಿಪ್ಪೆ ತೆಳುವು, ತಿರುಳು ಬೆಳ್ಳಗೆ ಮೃದು, ಸಿಹಿಯೊಡನೆ ಇಷ್ಟೇ ಇಷ್ಟು ಹುಳಿ. ಮನೆಯೊಳಗೆ ಒಂದು ಚಿಪ್ಪು ತೂಗುಹಾಕಿದ್ದರೆ ಬಾಗಿಲಲ್ಲಿ ಕಾಲಿಟ್ಟವರಿಗೇ ತಿಳಿಯುವುದು. ತಮಿಳುನಾಡಿನ ರಸ್ತಾಳಿಯೂ ವಂಗದೇಶದ ಮರ್ತಮಾನವೂ ಇದರ ದಾಯಾದಿಗಳೇ. ಆದರೆ ಇಲ್ಲಿಯ ಕಪ್ಪು ಮಣ್ಣಿನಲ್ಲಿ ಬೆಳೆದುದರ ರುಚಿಯೇ ಬೇರೆ ಎಂದು ಈ ಸೀಮೆಯವರು ಹೇಳುತ್ತಾರೆ, ತಿಂದು ನೋಡಿದ ನಾವು ಅವರೊಡನೆ ವಾದಿಸಲಾರೆವು. ೨೦೦೫-೦೬ರ ಸಾಲಿನಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮಾನ್ಯತೆ ಬರುವ ಹೊತ್ತಿಗೆ ತೋಟಗಳೇ ಬರಿದಾಗುತ್ತ ಬಂದಿದ್ದುವು. ರಸಬಾಳೆಗೆ ತೌರೆನಿಸಿದ ದೇವರಸನಹಳ್ಳಿಯ ಸುತ್ತಮುತ್ತ ಇಂದು ಕಣ್ಣು ಹಾಯಿಸಿದರೆ ಭತ್ತ, ಕಬ್ಬು, ಏಲಕ್ಕಿ ಬಾಳೆಗಳೇ ಹೆಚ್ಚು.

ಇದಕ್ಕೆ ಕಾರಣ ಸೊರಗು ರೋಗ. ಮಧ್ಯ ಅಮೆರಿಕದ ಪನಾಮಾ ಸೀಮೆಯಲ್ಲಿ ಇದರ ಹಾವಳಿ ವಿಪರೀತವಾಗಿದ್ದುದರಿಂದ ಪನಾಮಾ ರೋಗವೆಂಬ ಹೆಸರು ಬಂದಿತು. ಮೊದಲು ಇದನ್ನು ವಿವರಿಸಿ ಬರೆದದ್ದು ೧೮೭೬ರಲ್ಲಿ, ಆಸ್ಟ್ರೇಲಿಯಾದಲ್ಲಿ. ಫ್ಯುಸೇರಿಯಂ ಎಂಬ ಶಿಲೀಂಧ್ರವು ಮಣ್ಣಿನಿಂದ ಎಳೆಯ ಬೇರಿನೊಳಕ್ಕೆ ನುಸುಳಿ, ಗೆಡ್ಡೆಯನ್ನು ಹೊಕ್ಕು, ನೀರು ಮೇಲೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ಗಿಡದ ಸುತ್ತ ಲಂಗದಂತೆ ಜೋತುಬೀಳುತ್ತವೆ, ಬುಡ ಸೀಳುತ್ತದೆ, ಗೆಡ್ಡೆಯನ್ನು ಕತ್ತರಿಸಿದರೆ ಒಳಗೆ ಕೆಂಗಂದು ಗೆರೆಗಳು ಕಾಣುತ್ತವೆ. ಗೊನೆಯ ಮಾತಂತೂ ಇಲ್ಲ. ಶಿಲೀಂಧ್ರದ ಬೀಜಕಣಗಳು ಬಾಳೆಯೇ ಇಲ್ಲದ ನೆಲದಲ್ಲಿಯೂ ದಶಕಗಳ ಕಾಲ ಅಡಗಿರಬಲ್ಲುವು. ಹರಿಯುವ ನೀರು, ಗುದ್ದಲಿಗೆ ಮೆತ್ತಿದ ಮಣ್ಣು, ನೆರೆಯವರು ಪ್ರೀತಿಯಿಂದ ಕೊಟ್ಟ ಕಂದು, ಇವೆಲ್ಲವೂ ಅದಕ್ಕೆ ವಾಹನಗಳೇ. ಬಾಳೆಗೆ ಬೀಜವಿಲ್ಲ, ಕಂದೇ ಬೀಜ. ಆದ ಕಾರಣ ತಾಯಿಯ ರೋಗ ಮಗುವಿಗೆ ತಪ್ಪದು.

ಈ ಪ್ರಾಂತದ ಒಂದು ಹಳ್ಳಿಯಲ್ಲಿ, ಕೆಲವು ವರ್ಷ ಭತ್ತ ಬೆಳೆದ ಗದ್ದೆಯಲ್ಲಿ ಮತ್ತೆ ನೂರು ಕಂದು ರಸಬಾಳೆಯನ್ನಿಟ್ಟ ರೈತರೊಬ್ಬರ ತೋಟವನ್ನು ನಾವು ನೋಡಿದೆವು. ನೀರು ನಿಂತ ಭತ್ತದ ಗದ್ದೆಯಲ್ಲಿ ಈ ಶಿಲೀಂಧ್ರದ ಬಲ ಕುಗ್ಗುವುದರಿಂದ ಅವರು ಆ ನೆಲವನ್ನು ಆರಿಸಿದ್ದರು. ಅವರ ತಂದೆಯ ಕಾಲದ ತೋಟವು ಎರಡೇ ವರ್ಷಗಳಲ್ಲಿ ಸೊರಗಿ ಹೋದದ್ದನ್ನು ಕಣ್ಣಾರೆ ಕಂಡವರು. ಈ ನೂರು ಗಿಡವೂ ಹೋದರೆ ಇನ್ನು ರಸಬಾಳೆಯ ಹೆಸರೆತ್ತುವುದಿಲ್ಲವೆಂದು ಮನೆಯಲ್ಲಿ ಮಾತು ಕೊಟ್ಟಿದ್ದರು. "ಔಷಧಿ ಹೊಡೆದು ಸಾಕಾಯಿತು ಸ್ವಾಮಿ, ಈ ಸಲ ಕಾವಲು ಕೂರಿಸಿದ್ದೇನೆ," ಎಂದರು.

ಅವರು ಹೇಳಿದ ಕಾವಲುಗಾರನು ಕಣ್ಣಿಗೆ ಕಾಣುವವನಲ್ಲ. ಸೂಡೊಮೊನಾಸ್ ಫ್ಲೂರೊಸೆನ್ಸ್ ಎಂಬುದು ಮಣ್ಣಿನಲ್ಲಿ ಸಹಜವಾಗಿಯೇ ಇರುವ ಒಂದು ಬ್ಯಾಕ್ಟೀರಿಯ. ಕೆಲವು ನೆಲಗಳಲ್ಲಿ ಫ್ಯುಸೇರಿಯಂ ಇದ್ದರೂ ಗಿಡ ಸೊರಗದಿರುವುದನ್ನು ಕಂಡ ವಿಜ್ಞಾನಿಗಳು ಅದರ ಗುಟ್ಟನ್ನು ಹುಡುಕುತ್ತ ಹೋದರು. ಈ ಜಾತಿಯ ಜೀವಿಗಳು ಹಳದಿ-ಹಸಿರು ಬಣ್ಣದ ಒಂದು ದ್ರವ್ಯವನ್ನು ಸ್ರವಿಸಿ ಮಣ್ಣಿನ ಕಬ್ಬಿಣವನ್ನು ತಮ್ಮ ಕಡೆಗೆ ಸೆಳೆದುಕೊಳ್ಳುವುದರಿಂದ ಶಿಲೀಂಧ್ರಕ್ಕೆ ಕಬ್ಬಿಣದ ಬರ ಬರುತ್ತದೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು ೧೯೮೦ರಲ್ಲಿ ತೋರಿಸಿದರು. ಅಷ್ಟೇ ಅಲ್ಲದೆ ಇವು ಶಿಲೀಂಧ್ರವನ್ನು ತಡೆಯುವ ರಸಗಳನ್ನೂ ಮಾಡುತ್ತವೆ. ಬೇರಿನ ಮೇಲೆ ಮನೆ ಮಾಡಿಕೊಂಡು, ಗಿಡವನ್ನೇ ಎಚ್ಚರಗೊಳಿಸಿ, ಅದರ ಸ್ವಂತ ರಕ್ಷಣಾಶಕ್ತಿಯನ್ನು ಮುಂಚಿತವಾಗಿ ಸಿದ್ಧಪಡಿಸುತ್ತವೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಜಾಗ. ಬೇರಿನ ಹೊಸ್ತಿಲನ್ನು ಯಾರು ಮೊದಲು ಹಿಡಿದರೋ ಅವರದೇ ಮನೆ.

ಬಳಪದ ಕಲ್ಲಿನ ಪುಡಿಯಲ್ಲಿ ಬೆರೆಸಿದ ಈ ಜೀವಾಣುಗಳು ಪೊಟ್ಟಣಗಳಲ್ಲಿ ಸಿಗುತ್ತವೆ; ಒಂದು ಗ್ರಾಮಿನಲ್ಲಿ ಹತ್ತು ಕೋಟಿಯಷ್ಟು ಇರಬೇಕೆಂಬುದು ಸಾಮಾನ್ಯ ಲೆಕ್ಕ. ರೈತರು ಇದನ್ನು ಹಾಗೆಯೇ ಚೆಲ್ಲಲಿಲ್ಲ. ನೆರಳಿನಲ್ಲಿ ಒಂದು ಟನ್ನು ಕೊಟ್ಟಿಗೆಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಕೂಡಿಸಿ, ಎರಡು ಕಿಲೋ ಪುಡಿಯನ್ನು ಬೆರೆಸಿ, ನೀರು ಚಿಮುಕಿಸಿ, ಗೋಣಿಚೀಲ ಹೊದಿಸಿ, ಹದಿನೈದು ದಿನ ಬಿಟ್ಟು ಹದಮಾಡಿಕೊಂಡಿದ್ದರು. ಕಂದಿನ ಬೇರು ಸವರಿ, ಗೆಡ್ಡೆಯಲ್ಲಿ ಕೆಂಪು ಕಂಡದ್ದನ್ನು ದೂರ ಎಸೆದು, ಉಳಿದವನ್ನು ಜೀವಾಣು ಬೆರೆತ ಕೆಸರಿನಲ್ಲಿ ಅದ್ದಿ ನೆಟ್ಟಿದ್ದರು. ತಮಿಳುನಾಡಿನ ಕೃಷಿ ವಿಶ್ವವಿದ್ಯಾನಿಲಯದವರು ಇದೇ ಜೀವಾಣುವನ್ನು ಗುಳಿಗೆಯಲ್ಲಿ ತುಂಬಿ, ಗೆಡ್ಡೆಗೆ ಓರೆಯಾಗಿ ತೂತು ಕೊರೆದು ಇಡುವ ಕ್ರಮವನ್ನೂ ಹೇಳಿದ್ದಾರೆ.

ಪಡಸಾಲೆಯಲ್ಲಿ ಕುಳಿತಿದ್ದ ಆ ಮನೆಯ ಅಜ್ಜಿ ಇದನ್ನೆಲ್ಲ ನಮಗಿಂತ ಬೇಗ ಅರ್ಥಮಾಡಿಕೊಂಡಿದ್ದರು. "ಹಾಲಿಗೆ ಹೆಪ್ಪು ಹಾಕಿದ ಹಾಗಲ್ಲವೇನಪ್ಪ? ಕುದಿಯುವ ಹಾಲಿಗೆ ಹಾಕಿದರೆ ಹೆಪ್ಪು ಸಾಯುತ್ತೆ. ಹಾಲು ಒಡೆದ ಮೇಲೆ ಹಾಕಿದರೆ ಏನೂ ಪ್ರಯೋಜನ ಇಲ್ಲ," ಎಂದರು. ಗೃಹಿಣಿಯರಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾವ ಪಂಡಿತರು ಹೇಳಿಯಾರು!

ಈ ಮಾತಿನಲ್ಲಿ ಎರಡು ಎಚ್ಚರಿಕೆಗಳಿವೆ. ಪುಡಿ ಜೀವವಿರುವ ವಸ್ತು; ಅಂಗಡಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಉಳಿಯುವುದು ಬಳಪದ ಪುಡಿ ಮಾತ್ರ. ಪೊಟ್ಟಣದ ಮೇಲಿನ ದಿನಾಂಕವನ್ನು ಓದದೆ ಕೊಳ್ಳಬಾರದು. ತಾಮ್ರವುಳ್ಳ ಬೋರ್ಡೋ ದ್ರಾವಣವನ್ನಾಗಲಿ, ಬ್ಯಾಕ್ಟೀರಿಯಗಳನ್ನು ಕೊಲ್ಲುವ ಔಷಧಿಗಳನ್ನಾಗಲಿ ಅದರೊಡನೆ ಬೆರೆಸಿದರೆ ಕಾವಲುಗಾರನನ್ನು ನಾವೇ ಕೊಂದಂತೆ. ಎರಡನೆಯದಾಗಿ, ಎಲೆ ಹಳದಿಯಾಗಿ ಜೋತುಬಿದ್ದ ಗಿಡಕ್ಕೆ ಇದು ಮದ್ದಲ್ಲ. ಸೊರಗಿದ ಗಿಡವನ್ನು ಬದುಕಿಸುತ್ತೇವೆಂದು ಹೇಳಿ ಪೊಟ್ಟಣ ಮಾರುವವರ ಮಾತನ್ನು ನಂಬಬಾರದೆಂಬುದು ನಮ್ಮ ಅಭಿಪ್ರಾಯ. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಡುವುದೇ ಸರಿ. ಅಂಗಾಂಶ ಕೃಷಿಯ ಸಸಿಗಳಿಗೂ ಇದು ಬೇಕು. ಅವು ರೋಗವಿಲ್ಲದೆ ಹುಟ್ಟಿದರೂ ಪ್ರಯೋಗಶಾಲೆಯ ಶುಚಿಯಲ್ಲಿ ಬೆಳೆದ ಕಾರಣ ಅವುಗಳ ಬೇರಿನಲ್ಲಿ ಇಂಥ ನೆಂಟರು ಯಾರೂ ಇರುವುದಿಲ್ಲ.

ನಾವು ಹೋದಾಗ ಆ ಗಿಡಗಳಿಗೆ ಏಳು ತಿಂಗಳು. ಸೊರಗು ಮುಖ ತೋರಿಸುವುದು ಹೆಚ್ಚಾಗಿ ಐದಾರು ತಿಂಗಳಾದ ಮೇಲೆಯೇ. ನೂರರಲ್ಲಿ ಒಂಬತ್ತನ್ನು ಕಿತ್ತು ಸುಟ್ಟಿದ್ದರು, ಆ ಗುಂಡಿಗಳಿಗೆ ಸುಣ್ಣ ಹಾಕಿ ನೀರು ಬೇರೆಡೆಗೆ ಹರಿಯದಂತೆ ಏರಿ ಕಟ್ಟಿದ್ದರು. ಉಳಿದ ತೊಂಬತ್ತೊಂದು ಗಿಡಗಳ ಎಲೆ ಹಸಿರಾಗಿತ್ತು. ಆದರೂ ರೈತರು ಹಿಗ್ಗಿರಲಿಲ್ಲ. ಮೊದಲ ಗೊನೆ ಬರುವುದು ಒಂದು ಹಂತ. ಕಡಿದ ತಾಯಿಯ ಬುಡದಿಂದ ಏಳುವ ಕೂಳೆ ಬೆಳೆಯಲ್ಲಿ ರೋಗ ಇನ್ನೂ ಹೆಚ್ಚು. ಅದಕ್ಕಾಗಿ ಮಳೆಗಾಲಕ್ಕೆ ಮುಂಚೆಯೇ ಇನ್ನೊಂದು ರಾಶಿ ಗೊಬ್ಬರವನ್ನು ಹುಣಿಸೆಮರದ ನೆರಳಿನಲ್ಲಿ ಹದಕ್ಕೆ ಹಾಕಿಟ್ಟಿದ್ದರು.