ಗುಡ್ಡಕ್ಕೂ ಕಡಲಿಗೂ ಒಂದೇ ಲೆಕ್ಕ

ಹೊಸಪೇಟೆಯಲ್ಲಿ ಹುಟ್ಟಿ, ಅಲ್ಲಿಯೇ ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದ ನಮಗೆ ಬಂದರಿನ ವಿಷಯವಾಗಿ ಬರೆಯುವ ಅಧಿಕಾರವೇನೆಂದು ವಾಚಕರು ಕೇಳಬಹುದು. ಕಡಲು ನಮ್ಮೂರಿಗೆ ಬಹು ದೂರ. ಆದರೂ ಪೂರ್ವದಿಂದಲೂ ಅದಕ್ಕೂ ನಮ್ಮ ಸೀಮೆಗೂ ನಂಟುಂಟು. ವಿಜಯನಗರದ ಅರಸರ ಕುದುರೆಗಳು ಭಟ್ಕಳವೇ ಮೊದಲಾದ ಬಂದರುಗಳಲ್ಲಿ ಇಳಿದು, ಘಟ್ಟವನ್ನೇರಿ ಹಂಪೆಗೆ ಬರುತ್ತಿದ್ದುವು. ನಮ್ಮ ಕಾಲದಲ್ಲಿ ಆ ದಾರಿಯ ದಿಕ್ಕು ತಿರುಗಿತು. ಚೀನಾ ದೇಶದಲ್ಲಿ ಉಕ್ಕಿಗೆ ಬೇಡಿಕೆ ಹೆಚ್ಚಲು, ಸಂಡೂರಿನ ಗುಡ್ಡಗಳೇ ಪುಡಿಯಾಗಿ, ಲಾರಿಯೇರಿ, ಘಟ್ಟವಿಳಿದು ಹಡಗು ಸೇರತೊಡಗಿದುವು.

ಆ ವ್ಯವಹಾರದಲ್ಲಿ ನಮಗೂ ಒಂದು ಪಾಲಿದ್ದಿತೆಂಬುದನ್ನು ಮರೆಮಾಚದೆ ಹೇಳಬೇಕು. ಸಂಡೂರು ರಸ್ತೆಯ ಬದಿಯಲ್ಲಿ ಹಿರಿಯರಿಂದ ಬಂದ ಎರಡು ಎಕರೆ ಹೊಲವನ್ನು 2006ರಲ್ಲಿ ಅದಿರು ರಾಶಿಹಾಕಲು ಒಬ್ಬ ವರ್ತಕನಿಗೆ ಬಾಡಿಗೆಗೆ ಕೊಟ್ಟೆವು. ಬಾಡಿಗೆಯು ನಮ್ಮ ಸಂಬಳವನ್ನು ಮೀರಿತು. ಮನೆಯ ಸಾಲ ತೀರಿತು. ಮಾಳಿಗೆಯ ಮೇಲೆ ಒಣಹಾಕಿದ ಬಿಳಿಯ ಪಂಚೆಗಳು ಸಂಜೆಗೆ ಕೆಂಪಾಗುತ್ತಿದ್ದುದನ್ನು ನಮ್ಮ ಗೃಹಿಣಿಯು ತೋರಿಸಿದಾಗ, ಇನ್ನೊಮ್ಮೆ ಒಗೆದರಾಯಿತೆಂದೆವು. ಪಕ್ಕದ ಸುಗಂಧಿ ಬಾಳೆಯ ತೋಟದ ಹಿರಿಯರು ಒಂದು ದಿನ ಬಂದು, "ಮೇಷ್ಟ್ರೇ, ಎಲೆಗಳ ಮೇಲೆ ಧೂಳು ಕೂತು ಗಿಡ ಉಸಿರು ಬಿಡ್ತಿಲ್ಲ, ಒಂದು ಮಾತು ಆ ಸಾಹುಕಾರರಿಗೆ ಹೇಳ್ರಿ" ಎಂದು ಬೇಡಿದರು. ನಾವು ವಿಧಿಯ ವಿಷಯವಾಗಿ ಒಂದು ಸುಭಾಷಿತವನ್ನು ಹೇಳಿ ಅವರನ್ನು ಕಳುಹಿಸಿದೆವು. ಕಲಿತ ಸಂಸ್ಕೃತವು ಅಂದು ನಮಗೆ ಆದ ಉಪಯೋಗ ಇಷ್ಟೇ. ಆ ಬಳಿಕ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಸರಕಾರ ಮುಟ್ಟುಗೋಲು ಹಾಕಿದ್ದ ಅದಿರೇ ಹಡಗೇರಿ ಹೋದ ಸುದ್ದಿಯನ್ನು ಎಲ್ಲರೂ ಓದಿದರು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂದಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಕೆಲಸವನ್ನು ತಡೆಯಿತು. ನಮ್ಮ ಹೊಲ ಬರಿದಾಯಿತು. ಆದರೆ ಮಣ್ಣಿನ ಕೆಂಪು ಹೋಗಲಿಲ್ಲ.

ನಿವೃತ್ತರಾದ ಮೇಲೆ ಗೋಕರ್ಣಯಾತ್ರೆಗೆ ಹೋದಾಗ ಸಮೀಪದ ತದಡಿಯನ್ನು ನೋಡಿದೆವು. ಅಲ್ಲಿ ಅಘನಾಶಿನಿಯು ಸಮುದ್ರವನ್ನು ಸೇರುವುದು. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಎಂದು ಹೆಸರಿನ ಅರ್ಥ. ಇಳಿತದ ವೇಳೆಯಲ್ಲಿ ಹೆಂಗಸರು ಮೊಳಕಾಲುದ್ದ ನೀರಿನಲ್ಲಿ ನಿಂತು ಬಳಚು ಆರಿಸುತ್ತಿದ್ದರು. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗವೆಂಬ ಭತ್ತ ಬೆಳೆಯುವುದಂತೆ. ಬುಟ್ಟಿ ಹೊತ್ತು ಬಂದ ಒಬ್ಬ ತಾಯಿ ನಮ್ಮ ಊರನ್ನು ಕೇಳಿ, "ಹೊಸಪೇಟೆಯೇ? ನಿಮ್ಮ ಕಡೆಯ ಅದಿರಿಗಾಗಿಯೇ ಅಲ್ಲವೇ ಮಾಸ್ತರೇ, ಇಲ್ಲಿ ದೊಡ್ಡ ಬಂದರು ಮಾಡುತ್ತೇವೆ ಎಂದದ್ದು?" ಎಂದಳು. ನಮಗೆ ಯಾವ ಸುಭಾಷಿತವೂ ನೆನಪಾಗಲಿಲ್ಲ.

ಊರಿಗೆ ಬಂದು ಈ ವಿಷಯವನ್ನು ಓದಿ ತಿಳಿದೆವು. ದೊಡ್ಡ ಬಂದರಿಗೆ ಅನುಮತಿ ಕೊಡುವ ಮೊದಲು ಪರಿಸರ ಪರಿಣಾಮದ ಮೌಲ್ಯಮಾಪನವಾಗಬೇಕೆಂದು 2006ರ ಕೇಂದ್ರ ಅಧಿಸೂಚನೆಯು ವಿಧಿಸಿದೆ. ಹಡಗಿಗೆ ಆಳ ಬೇಕೆಂದು ಹೂಳೆತ್ತಿದರೆ ಬಳಚಿನ ನೆಲೆ ತಪ್ಪುವುದು. ಸಿಹಿನೀರು ಉಪ್ಪುನೀರುಗಳ ಹದ ಕೆಡುವುದು. ಅಲೆಗಳನ್ನು ತಡೆಯಲು ಗೋಡೆ ಕಟ್ಟಿದರೆ ಮರಳು ಒಂದು ಕಡೆ ಶೇಖರವಾಗಿ, ಮತ್ತೊಂದು ಕಡೆ ದಡ ಕೊರೆಯುವುದು. ಇವೆಲ್ಲವನ್ನೂ ಮುಂದಾಗಿ ಅಳೆದು, 30 ದಿನಗಳಿಗೆ ಕಡಿಮೆಯಿಲ್ಲದ ಮುನ್ಸೂಚನೆಯಿತ್ತು, ಸ್ಥಳೀಯರ ಆಲಿಕೆ ಸಭೆ ಕರೆಯಬೇಕು. ತದಡಿಯಲ್ಲಿ ಆ ದೊಡ್ಡ ಬಂದರು ಏಳಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ನಮ್ಮ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಅದರೊಡನೆಯೇ ಸೇರಿತೆಂಬುದು ಸೋಜಿಗ. ಆದರೆ ಅಂಕೋಲೆಯ ಬಳಿಯ ಕೇಣಿಯಲ್ಲಿ ಮತ್ತೊಂದು ಬಂದರಿನ ಯೋಜನೆ ಬಂದು, ಮೀನುಗಾರರು ಅದನ್ನು ವಿರೋಧಿಸಿದ್ದಾರೆ.

ಬಂದರೇ ಬೇಡವೆಂದು ನಾವು ಹೇಳುವವರಲ್ಲ. ಕಂಪ್ಲಿಯ ಗದ್ದೆಗೆ ಹಾಕುವ ಗೊಬ್ಬರದಲ್ಲಿಯೂ ಹಡಗಿನಲ್ಲಿ ಬಂದುದುಂಟು. ನಮ್ಮ ಸಂದೇಹ ಬೇರೆ. ಇಂತಹ ಮೌಲ್ಯಮಾಪನವು ಸಾಮಾನ್ಯವಾಗಿ ಯೋಜನೆಯ ಸ್ಥಳದ ಸುತ್ತ 10 ಕಿಲೋಮೀಟರಿನೊಳಗೆ ನೋಡುವುದು. ಬಂದರಿಗೆ ಸರಕನ್ನು ಕೊಡುವ ಗುಡ್ಡ, ಲಾರಿ ಓಡುವ ರಸ್ತೆ, ರಸ್ತೆಬದಿಯ ಬಾಳೆಯ ತೋಟ ಇವು ಆ ವೃತ್ತದ ಹೊರಗೇ ಉಳಿಯುವುವು. ಇದನ್ನು ಗೃಹಿಣಿಗೆ ವಿವರಿಸಿದಾಗ ಆಕೆ ನಮ್ಮ ಹಳೆಯ ಜಮಾಖರ್ಚಿನ ಪುಸ್ತಕವನ್ನು ತಂದು ಮುಂದಿಟ್ಟು, "ಬಾಡಿಗೆ ಬಂದದ್ದನ್ನು ಪ್ರತಿ ತಿಂಗಳೂ ಬರೆದಿದ್ದೀರಿ, ಅವರ ಬಾಳೆ ಹೋದದ್ದನ್ನು ಯಾವ ಪುಟದಲ್ಲಿ ಬರೆದಿರಿ?" ಎಂದಳು. ಶಾಸ್ತ್ರವೆಲ್ಲವೂ ಆ ಒಂದು ಪ್ರಶ್ನೆಯಲ್ಲಿದ್ದಿತು.

ಕೆಲವು ತಿಂಗಳ ಹಿಂದೆ ನಮ್ಮ ಸೀಮೆಯಲ್ಲಿಯೇ ಒಂದು ಆಲಿಕೆ ಸಭೆ ನಡೆಯಿತು. ಎಂದೂ ಇಂತಹ ಸಭೆಗೆ ಹೋಗದ ನಾವು ಹೋಗಿ, ಎದ್ದು ನಿಂತು, ನಮ್ಮ ಎರಡು ಎಕರೆಯ ಕಥೆಯನ್ನು ಹೇಳಿ, ದಾರಿಯ ಉದ್ದಕ್ಕೂ ಲೆಕ್ಕ ಹಿಡಿಯಿರೆಂದು ಬೇಡಿದೆವು. ಧ್ವನಿ ನಡುಗಿತು. ಅಧಿಕಾರಿಗಳು ಬರೆದುಕೊಂಡರು, ಅದರಿಂದ ಏನಾಗುವುದೋ ತಿಳಿಯದು. ಕುಳಿತಾಗ ಹಿಂದಿನ ಸಾಲಿನಿಂದ ಒಂದು ಕೈ ನಮ್ಮ ಭುಜದ ಮೇಲೆ ಬಿದ್ದಿತು. ತಿರುಗಿ ನೋಡಿದರೆ, ಆ ತೋಟದ ಹಿರಿಯರು. ಅವರು ಏನನ್ನೂ ಆಡಲಿಲ್ಲ. ಮರುದಿನ ಬೆಳಗ್ಗೆ ನಾವೇ ಅವರ ಮನೆಯ ಮೆಟ್ಟಿಲನ್ನು ಹತ್ತಿದೆವು.